‘ಇಲ್ಲ’ ಅನ್ನೋಕೆ ಬೇಕಾದದ್ದು 9 ಫ್ರೇಮ್

ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಫೇಡ್ ಹಾಕಿದರೆ ಅದು ಎಷ್ಟು ಹೊತ್ತಿನದಿರಬೇಕು ಅಂತ ಅದು ನಮ್ಮನ್ನು ಕೇಳುವುದಿಲ್ಲ. ತನ್ನದೇ ಡಿಫಾಲ್ಟ್ ಅಳತೆ ಇಟ್ಟುಕೊಂಡಿರುತ್ತದೆ. ಪ್ರೀಮಿಯರ್ ಪ್ರೊದಲ್ಲಿ ಆಡಿಯೊಗೆ ಅದು 1 ಸೆಕೆಂಡ್. ಸಾಫ್ಟ್‌ವೇರ್ ಮಾಡಿದವರಿಗೆ ಅದೊಂದು ಅಂದಾಜು ಅಷ್ಟೇ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸುತ್ತಿ ಸುದ್ದಿ ಕಳಿಸುವ ನಮ್ಮಂಥವರಿಗೆ ಆ 1 ಸೆಕೆಂಡ್ ಸಣ್ಣದಲ್ಲ.

ಮೊದಲು ಸ್ವಲ್ಪ ಲೆಕ್ಕ. ನಮ್ಮ ದೇಶದ ಟಿವಿ ಸೆಕೆಂಡಿಗೆ 25 ಚಿತ್ರ ತೋರಿಸುತ್ತದೆ. ಅಂದರೆ ಒಂದು ಫ್ರೇಮ್‌ಗೆ 40 ಮಿಲಿಸೆಕೆಂಡ್. ನಿಮ್ಮ ಕೈಯಲ್ಲಿರುವ ಫೋನ್ ಸಾಮಾನ್ಯವಾಗಿ 30 ತೆಗೆಯುತ್ತದೆ. ಹಾಗಾಗಿ 15 ಫ್ರೇಮ್ ಫೇಡ್ ಅಂದರೆ ಫೋನಿನ ವಿಡಿಯೊದಲ್ಲಿ ಅರ್ಧ ಸೆಕೆಂಡ್, ಟಿವಿಯ ಲೆಕ್ಕದಲ್ಲಿ 0.6 ಸೆಕೆಂಡ್. ಇಷ್ಟು ಸಣ್ಣ ವ್ಯತ್ಯಾಸ ಯಾರಿಗೆ ಗೊತ್ತಾಗುತ್ತದೆ ಅಂತ ಕೇಳಬಹುದು. ಕನ್ನಡ ಮಾತಾಡುವವರಿಗೆ ಗೊತ್ತಾಗುತ್ತದೆ.

ಯಾಕೆಂದರೆ ನಮ್ಮ ಭಾಷೆಯಲ್ಲಿ ಮಾತಿನ ತಿರುಳು ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ‘ಇಲ್ಲ’ ಎಂಬುದು ವಾಕ್ಯದ ನಡುವೆಯೇ ಬಂದು ಹೋಗಿರುತ್ತದೆ. ನಮ್ಮಲ್ಲಿ ಬಂದರೋ ಬಂದಿಲ್ಲವೋ, ಕೊಟ್ಟರೋ ಕೊಟ್ಟಿಲ್ಲವೋ, ಎಲ್ಲ ಬಾಲದಲ್ಲಿ. ಫೇಡ್ ಔಟ್ ತಿನ್ನುವುದೂ ಆ ಬಾಲವನ್ನೇ.

ಹಳಿಯಾಳ ಕಡೆಯ ಒಂದು ಹಳ್ಳಿ. ಮಳೆಗೆ ಗೋವಿನಜೋಳ ನೆಲ ಹಿಡಿದಿತ್ತು. ಹೊಲದ ಬದುವಿನ ಮೇಲೆ ನಿಂತು ಒಬ್ಬ ಅಜ್ಜಿ ನಮ್ಮ ಮೈಕಿಗೆ ಹೇಳಿದ್ದು ಇಷ್ಟು: “ಅರ್ಜಿ ಕೊಟ್ಟೇವ್ರಿ, ಸರ್ವೇದವರು ಬಂದು ಹೊಲ ನೋಡಿಲ್ಲ.” ನಾವು ಕ್ಲಿಪ್ಪನ್ನು ಕತ್ತರಿಸದೆ ಹಾಗೇ ಕಳಿಸಿದೆವು. ಆಗ ನಾವು ಸುದ್ದಿ ಕಳಿಸುತ್ತಿದ್ದ ಒಂದು ಚಾನೆಲ್‌ನ ಡೆಸ್ಕಿನಲ್ಲಿ ಯಾರೋ ಅವಸರದಲ್ಲಿ ಮಾತು ಮುಗಿದಲ್ಲೇ ಕತ್ತರಿ ಹಾಕಿ, ಡಿಫಾಲ್ಟ್ ಫೇಡ್ ಒತ್ತಿಬಿಟ್ಟರು. ರಾತ್ರಿ ಪ್ರಸಾರವಾದಾಗ ಕೇಳಿಸಿದ್ದು, “ಸರ್ವೇದವರು ಬಂದು ಹೊಲ ನೋಡಿ...”

ಮರುದಿನ ಬೆಳಿಗ್ಗೆ ಅಕ್ಕಪಕ್ಕದ ಹೊಲದವರು ಅಜ್ಜಿಯ ಕಟ್ಟೆಗೆ ಬಂದು ಕೂತರಂತೆ. ನಿನ್ನ ಹೊಲ ಒಂದೇ ನೋಡಿ ಹೋದರಾ, ನಮಗೆ ಒಂದು ಮಾತು ಹೇಳಬಾರದಿತ್ತಾ ಅಂತ. ಅಜ್ಜಿ ನಮಗೆ ಫೋನ್ ಮಾಡಿಸಿ ಕೇಳಿದ್ದು ಒಂದೇ ಪ್ರಶ್ನೆ: “ನಾ ಹಂಗ ಅಂದಿದ್ನೇನೋ ತಮ್ಮಾ?” ನಮ್ಮ ಫೋನಿನಲ್ಲಿದ್ದ ಮೂಲ ಕ್ಲಿಪ್ಪನ್ನು ಆ ಊರಿನ ಗ್ರೂಪಿಗೆ ಕಳಿಸಿದ ಮೇಲೆ ಗಲಾಟೆ ತಣ್ಣಗಾಯಿತು. ಚಾನೆಲ್ ಮಾತ್ರ ಅದನ್ನು ಮತ್ತೆ ತೋರಿಸಲಿಲ್ಲ. ಹಳೇ ಸುದ್ದಿ ಅಂದರು.

ಆಮೇಲೆ ಆ ಕ್ಲಿಪ್ಪನ್ನು ಟೈಮ್‌ಲೈನ್ ಮೇಲೆ ಹಾಕಿ ಅಳೆದೆವು. ‘ಇಲ್ಲ’ ಎಂಬ ಆ ತುಣುಕು 9 ಫ್ರೇಮ್, ಅಂದರೆ 0.36 ಸೆಕೆಂಡ್. 25 ಫ್ರೇಮ್ ಫೇಡಿನಲ್ಲಿ ಅದರ ಸರದಿ ಬರುವ ಹೊತ್ತಿಗೆ ದನಿ ಮೂರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ, ಅಲ್ಲಿಂದ ಸೊನ್ನೆಗೆ. ಟಿವಿ ಮುಂದೆ ಫ್ಯಾನ್ ತಿರುಗುತ್ತಿದ್ದರೆ ಮುಗಿಯಿತು.

ಇದಕ್ಕೆ ದುಬಾರಿ ಮಷಿನ್ ಬೇಕಿಲ್ಲ. ಉಚಿತವಾಗಿ ಸಿಗುವ ಕೆಡೆನ್‌ಲೈವ್‌ನಲ್ಲೂ ಫೇಡಿನ ಅವಧಿಯನ್ನು ಅಂಕಿಯಲ್ಲೇ ಟೈಪ್ ಮಾಡಬಹುದು. ಬೆರಳಲ್ಲಿ ಎಳೆಯುವುದಕ್ಕಿಂತ ಟೈಪ್ ಮಾಡುವುದೇ ವಾಸಿ. ಮಾತು ಮುಗಿದ ಮೇಲೆ 10-12 ಫ್ರೇಮ್ ಖಾಲಿ ಬಿಟ್ಟು, ಗಾಳಿಯದೋ ಕಾಗೆಯದೋ ಸದ್ದು ಇರುವ ಆ ಜಾಗದಲ್ಲಷ್ಟೇ ಫೇಡ್ ಕೂರಿಸುತ್ತೇವೆ. ಅದಕ್ಕೇ ನಾವು ರೆಕಾರ್ಡ್ ಮಾಡುವಾಗ ಮಾತು ನಿಂತ ಕೂಡಲೇ ಬಟನ್ ಒತ್ತುವುದಿಲ್ಲ. ಎರಡು ಸೆಕೆಂಡ್ ಕಾಯುತ್ತೇವೆ. ಎರಡು ದೃಶ್ಯದ ನಡುವೆ 1 ಸೆಕೆಂಡ್ ಡಿಸಾಲ್ವ್ ಬೇಕಾದರೂ ಈ ಹೆಚ್ಚುವರಿ ತುಣುಕು ಬೇಕೇ ಬೇಕು. ಕತ್ತರಿಸಿದ ಜಾಗದ ಮೇಲೆ ಅದನ್ನು ನಡುವಿಗೆ ಕೂರಿಸಿದರೆ ಆಚೆ ಅರ್ಧ, ಈಚೆ ಅರ್ಧ ಸೆಕೆಂಡ್ ಉಳಿದಿರಬೇಕು. ಇಲ್ಲದಿದ್ದರೆ ಪ್ರೀಮಿಯರ್ ಕೊನೆಯ ಫ್ರೇಮನ್ನೇ ಹಿಡಿದು ನಿಲ್ಲಿಸುತ್ತದೆ, ಮನುಷ್ಯ ಬಾಯಿ ತೆರೆದು ಕಲ್ಲಾದ ಹಾಗೆ ಕಾಣುತ್ತದೆ.

ಎಲ್ಲದಕ್ಕೂ ಒಂದೇ ಅಳತೆ ನಡೆಯುವುದಿಲ್ಲ ಎಂಬುದನ್ನು ನಮ್ಮ ಸೀಮೆಯೇ ಕಲಿಸಿದೆ. ಸಿದ್ದಿ ಜನರ ಡಮಾಮಿಯ ಮೊದಲ ಪೆಟ್ಟು ಕೈ ಬಿದ್ದ ಕ್ಷಣದಲ್ಲೇ ಪೂರ್ತಿ ಬರುತ್ತದೆ. ಅದಕ್ಕೆ 10 ಫ್ರೇಮ್ ಫೇಡ್ ಇನ್ ಹಾಕಿದರೆ ಪೆಟ್ಟು ಸತ್ತು ಗುಂಯ್‌ಗುಡುವುದು ಮಾತ್ರ ಉಳಿಯುತ್ತದೆ. ಅಲ್ಲಿ ಒಂದು ಫ್ರೇಮ್ ಸಾಕು, ಅದೂ ಟಕ್ ಎಂಬ ಸದ್ದು ಬರದಿರಲಿ ಅಂತ. ಮುಂಡಗೋಡದ ಟಿಬೆಟನ್ ಕ್ಯಾಂಪಿನ ಮಠಗಳಲ್ಲಿ ಊದುವ ಉದ್ದನೆಯ ಕಹಳೆಯ ಕಥೆಯೇ ಬೇರೆ. ಆ ದನಿ ನೆಲದಿಂದ ಏಳುವಂತೆ ನಿಧಾನ ಏಳುತ್ತದೆ, 2 ಸೆಕೆಂಡ್ ಫೇಡ್ ಕೊಟ್ಟರೂ ತಡೆದುಕೊಳ್ಳುತ್ತದೆ.

ಡಿಸಾಲ್ವ್ ಬಗ್ಗೆ ನಮಗೆ ಅನುಮಾನ ಜಾಸ್ತಿ. ಅಧಿಕಾರಿಯ ಮಾತಿನ ನಡುವಿನ ಎರಡು ವಾಕ್ಯ ತೆಗೆದು, ಆ ಜಾಗವನ್ನು 12 ಫ್ರೇಮ್ ಡಿಸಾಲ್ವ್‌ನಿಂದ ಸವರಿದರೆ, ನೋಡುವವರಿಗೆ ಮಾತು ಕಡಿದದ್ದೇ ತಿಳಿಯದು. ನೇರ ಕಟ್ ಮಾಡಿದರೆ ತಲೆ ಜಿಗಿಯುತ್ತದೆ, ಚೆನ್ನಾಗಿ ಕಾಣುವುದಿಲ್ಲ. ಆದರೂ ನಾವು ಜಿಗಿಯಲು ಬಿಡುತ್ತೇವೆ. ಇನ್ನೊಂದು ಪ್ರಾಯೋಗಿಕ ಕಾರಣವೂ ಇದೆ. ಡಿಸಾಲ್ವ್ ಆಗುವಾಗ ಪ್ರತಿ ಫ್ರೇಮಿನಲ್ಲೂ ಇಡೀ ಚಿತ್ರ ಬದಲಾಗುತ್ತದೆ. ವಾಟ್ಸ್‌ಆ್ಯಪ್ ಫೈಲನ್ನು ಹಿಂಡಿ ಚಿಕ್ಕದು ಮಾಡುವಾಗ ಆ ಜಾಗವೇ ಚೌಕ ಚೌಕವಾಗಿ ಒಡೆಯುತ್ತದೆ. ಜೋಯಿಡಾದ ಹಸಿರು ಕಾಡನ್ನು ಹೀಗೆ ಕಳಿಸಿ ನೋಡಿ, ಪಾಲಕ್ ಪಲ್ಯ ಬಂದಿರುತ್ತದೆ.

ಒಂದು ಕಡೆ ಮಾತ್ರ ಉದ್ದನೆಯ ಡಿಸಾಲ್ವ್ ಇಟ್ಟಿದ್ದೇವೆ. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಊರು ಮುಳುಗಿತು. ಅಲ್ಲಿಂದ ಎದ್ದ ಎಷ್ಟೋ ಕುಟುಂಬಗಳು ಈಗ ರಾಮನಗರದಲ್ಲಿವೆ. ಅಲ್ಲಿಯ ಒಂದು ಮನೆಯಲ್ಲಿ ಬಣ್ಣ ಮಾಸಿದ ಫೋಟೊ ಕೊಟ್ಟರು, ಮನೆಯ ಮುಂದೆ ನಿಂತ ಮೂವರು. ಆ ಫೋಟೊ ಕರಗಿ ಇವತ್ತಿನ ಹಿನ್ನೀರು ಬರಬೇಕಿತ್ತು. ಮೊದಲು 50 ಫ್ರೇಮ್ ಇಟ್ಟು, ಎಕ್ಸ್‌ಪೋರ್ಟ್ ಮಾಡುವ ಮುನ್ನ ಮನೆಯವರಿಗೇ ತೋರಿಸಿದೆವು. ಸ್ವಲ್ಪ ತಡೀರಿ, ಇನ್ನೂ ನೋಡೋದೈತಿ ಅಂದರು. 75 ಮಾಡಿದೆವು.