ತಿಥಿ ಮತ್ತು ಅತಿಥಿ

ಬಸವನ ಬಾಗೇವಾಡಿಯ ಒಬ್ಬ ಕಾಳಿನ ವ್ಯಾಪಾರಿಯ ಗಾದಿಯ ಪಕ್ಕದಲ್ಲಿ ಕಿರ್ದಿ ಮತ್ತು ಖತಾವಣಿಗಳ ಜೊತೆಗೆ ಮೂರನೆಯದೊಂದು ಪುಸ್ತಕ ಇರುತ್ತಿತ್ತು. ಅದರಲ್ಲಿ ಹಣದ ಲೆಕ್ಕವಿರಲಿಲ್ಲ. ಪ್ರತಿ ಪುಟಕ್ಕೂ ಏಳು ಉದ್ದನೆಯ ಮನೆಗಳು. ಮೇಲೆ ವಾರಗಳ ಹೆಸರು. ಎಡಗಡೆಗೆ ಬೆಳಗಿನ ಐದರಿಂದ ರಾತ್ರಿ ಒಂಬತ್ತರವರೆಗಿನ ಗಂಟೆಗಳು. ನಲವತ್ತೆಂಟನೆಯ ವಯಸ್ಸಿನಲ್ಲಿ ಆ ಗೃಹಸ್ಥರು ಒಂದು ಸಂಕಲ್ಪ ಮಾಡಿದ್ದರು. ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳಿಗೆ ಪೂಜ್ಯಪಾದಾಚಾರ್ಯರು ಬರೆದ ಸರ್ವಾರ್ಥಸಿದ್ಧಿಯನ್ನು ಮೂರು ವರ್ಷಗಳಲ್ಲಿ ಮೂಲದಲ್ಲಿಯೇ ಓದಿ ಮುಗಿಸಬೇಕೆಂಬುದೇ ಆ ಸಂಕಲ್ಪ. ಕಾಲೇಜಿನಲ್ಲಿ ಕಲಿತದ್ದು ವಾಣಿಜ್ಯ. ಸಂಸ್ಕೃತವು ಶಾಲೆಯ ಮಟ್ಟಕ್ಕೇ ನಿಂತುಹೋಗಿತ್ತು. ಆದುದರಿಂದ ಸಮಯವನ್ನು ಬಂಡವಾಳದಂತೆ ಹಂಚದ ಹೊರತು ಕೆಲಸ ಸಾಗದೆಂದು ಅವರು ತಿಳಿದಿದ್ದರು.

ವಾರದಲ್ಲಿ ಒಂದು ದಿನ ತೊಗರಿಯ ಖರೀದಿಗಾಗಿ ಸಿಂದಗಿ, ಒಂದು ದಿನ ಉದ್ರಿಯ ವಸೂಲಿಗಾಗಿ ಮುದ್ದೇಬಿಹಾಳ, ಎರಡು ವಾರಕ್ಕೊಮ್ಮೆ ಇಂಡಿ. ಇಂಡಿಯಲ್ಲಿ ಅವರಿಗೆ ನಿಂಬೆಯ ವ್ಯವಹಾರದಲ್ಲಿ ಒಂದು ಪಾಲು ಇದ್ದಿತು. ಆ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತುದನ್ನು ಓದುಗರು ಬಲ್ಲರು. ಜೋಳವಾದರೆ ಹಗೇವಿನಲ್ಲಿ ಕಾಯುತ್ತದೆ, ನಿಂಬೆ ಕಾಯುವುದಿಲ್ಲ. ಇಂಡಿಯ ದಿನವನ್ನು ಮೊದಲೇ ಗೊತ್ತುಮಾಡುವುದು ಎಂದೂ ಸುಲಭವಾಗಿರಲಿಲ್ಲವೆಂದು ಅವರೇ ಹೇಳುತ್ತಿದ್ದರು. ಉಳಿದ ದಿನಗಳಲ್ಲಿ ಮಧ್ಯಾಹ್ನ ಮೂರರಿಂದ ಐದರವರೆಗೆ ಸ್ವಾಧ್ಯಾಯ. ಆ ಎರಡು ಗಂಟೆ ಅಂಗಡಿಯ ಹಿಂದಿನ ಕೋಣೆಯ ಬಾಗಿಲು ಮುಚ್ಚಿರಬೇಕು, ಯಾರೂ ಕರೆಯಕೂಡದು. ಓದು ನಡೆದ ದಿನ ಆ ಮನೆಯಲ್ಲಿ ಒಂದು ಹಸಿರು ಗುರುತು ಬೀಳುತ್ತಿತ್ತು.

ಒಂದೂವರೆ ವರ್ಷ ಈ ಕ್ರಮ ನಿರ್ವಿಘ್ನವಾಗಿ ನಡೆಯಿತು. ನಾಲ್ಕು ಅಧ್ಯಾಯಗಳು ಮುಗಿದವು. ಇದನ್ನು ಅಲ್ಪ ಸಾಧನೆಯೆನ್ನಲಾಗದು. ವ್ಯಾಪಾರಸ್ಥನ ಮನಸ್ಸು ಧಾರಣೆಯ ಏರಿಳಿತದಂತೆ ಸದಾ ಚಂಚಲವಾದುದು. ಅದನ್ನು ಪ್ರತಿದಿನ ಒಂದೇ ಗಳಿಗೆಗೆ ಒಂದೇ ಗ್ರಂಥದ ಮುಂದೆ ಕೂಡಿಸಲು ಕಟ್ಟುನಿಟ್ಟು ಬೇಕೇ ಬೇಕು.

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯನ್ನು ನಂಬಿದ ಈ ಎರೆಭೂಮಿಯಲ್ಲಿ ಹಿಂಗಾರಿಯ ಬಿಳಿಜೋಳವೇ ಒಕ್ಕಲಿಗನ ಆಧಾರ. ಅದನ್ನು ಬಿತ್ತುವುದು ಉತ್ತರಿ, ಹಸ್ತ ಮಳೆಗಳ ಹದಕ್ಕೆ. ಪಂಚಾಂಗದಲ್ಲಿ ಈ ಮಳೆಗಳಿಗೆ ದಿನ ಗೊತ್ತಿದೆ: ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ, ಹಸ್ತವಾದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಹತ್ತರ ಆಸುಪಾಸಿನವರೆಗೆ. ಆದರೆ ಆ ದಿನಗಳಲ್ಲಿ ಮಳೆ ಯಾವಾಗ ಬಂದೀತು, ಬಂದೀತೋ ಇಲ್ಲವೋ ಎಂಬುದನ್ನು ಪಂಚಾಂಗ ಹೇಳಲಾರದು. ಒಕ್ಕಲಿಗನು ಕೂರಿಗೆ, ಬೀಜ, ಎತ್ತು ಸಿದ್ಧವಿಟ್ಟುಕೊಂಡು ಕಾಯುತ್ತಾನೆ. ಮಳೆ ಬಿದ್ದು ನೆಲ ಹದಕ್ಕೆ ಬಂದಿತೆಂದರೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಹದ ಆರಿದ ಮೇಲೆ ಬಿತ್ತಿದ ಬೀಜ ಇರುವೆಗೆ ಆಹಾರ.

ಉತ್ತರಿ ಮಳೆ ಒಣಗಿಯೇ ಹೋದ ಒಂದು ಶುಕ್ರವಾರ, ಡೋಣಿ ನದಿಯ ಕಡೆಯ ಹಳ್ಳಿಯ ಒಬ್ಬ ಒಕ್ಕಲಿಗನು ಮಧ್ಯಾಹ್ನ ಮೂರೂವರೆಗೆ ಅಂಗಡಿಗೆ ಬಂದನು. ಅವನ ತಂದೆಯ ಕಾಲದಿಂದಲೂ ಆ ಮನೆಯ ಕಾಳು ಇದೇ ಅಂಗಡಿಗೆ ಬರುತ್ತಿದ್ದಿತು. ಗಾದಿಯ ಮೇಲಿದ್ದವನು ವ್ಯಾಪಾರಿಯ ಹಿರಿಯ ಮಗ.

“ಸಾವಕಾರ್ರು ಅದಾರೇನ್ರಿ?”

“ಅಪ್ಪಾರು ಒಳಗ ಓದಾಕ ಕುಂತಾರ, ಕಾಕಾ. ನಾಳೆ ಸಿಂದಗಿಗೆ ಹೋಗ್ತಾರ. ಸೋಮವಾರ ಬರ್ರಿ.”

ಒಕ್ಕಲಿಗನು ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕುಳಿತು, ನೀರು ಕುಡಿದು, ಎದ್ದುಹೋದನು. ಅವನಿಗೆ ಬೇಕಾಗಿದ್ದುದು ಎತ್ತುಗಳ ಕಣಿಕೆಗಾಗಿ ಒಂದಿಷ್ಟು ಕೈಗಡ. ಮೇವು ಮುಗಿದಿತ್ತು, ಕಟ್ಟಿದ ಎತ್ತು ಬಡವಾಗುವುದನ್ನು ನೋಡುವುದಕ್ಕಿಂತ ಮಾರುವುದು ಲೇಸೆಂದು ಮನೆಯಲ್ಲಿ ಮಾತಾಗಿತ್ತು. ನಡುವೆ ಬಿದ್ದ ಒಂದು ಸಂತೆಯಲ್ಲಿ ಜೋಡಿಯನ್ನು ಸಿಕ್ಕ ಬೆಲೆಗೆ ಕೊಟ್ಟುಬಿಟ್ಟನು. ಸೋಮವಾರ ಅವನು ಬರಲಿಲ್ಲ. ಗುರುವಾರ ರಾತ್ರಿ ಹಸ್ತ ಮಳೆ ಸುರಿಯಿತು. ಹದಕ್ಕೆ ಬಂದ ದಿನ ಯಾರ ಎತ್ತು ಯಾರಿಗೆ ಬಾಡಿಗೆಗೆ ಸಿಗುತ್ತದೆ? ತಮ್ಮ ತಮ್ಮ ಹೊಲ ಮುಗಿಸಿ ನೆರೆಯವರು ಎತ್ತು ಕೊಡುವ ಹೊತ್ತಿಗೆ ಮೇಲ್ಮಣ್ಣು ಒಣಗಿತ್ತು. “ಡೋಣಿ ಬೆಳೆದರೆ ಓಣಿಗೆಲ್ಲ ಜೋಳ” ಎಂಬ ಗಾದೆಯ ಸೀಮೆಯಲ್ಲಿ ಆ ಒಂದು ಹೊಲ ಆ ವರ್ಷ ಕರ್ರಗೆ ಬಿದ್ದುಕೊಂಡಿತು.

ದೀಪಾವಳಿಯ ತರುವಾಯ ಇಬ್ಬರೂ ದಾರಿಯಲ್ಲಿ ಎದುರಾದಾಗ ಅವನು ದೂರಿನ ಧ್ವನಿಯಲ್ಲೇನೂ ಹೇಳಲಿಲ್ಲ. “ಮಳಿ ಬಂತ್ರಿ ಸಾವಕಾರ್ರ. ಎತ್ತ ಇರಲಿಲ್ಲ” ಎಂದನಷ್ಟೆ.

ಆ ರಾತ್ರಿ ವ್ಯಾಪಾರಿ ಮೂರನೆಯ ಪುಸ್ತಕ ತೆರೆದು ಆ ಶುಕ್ರವಾರವನ್ನು ಹುಡುಕಿದರು. ಮೂರರಿಂದ ಐದರ ಮನೆಯಲ್ಲಿ ಹಸಿರು ಗುರುತು ಅಂದವಾಗಿ ಬಿದ್ದಿತ್ತು. ಅದು ಅಷ್ಟಮಿಯೂ ಆಗಿರಲಿಲ್ಲ, ಚತುರ್ದಶಿಯೂ ಆಗಿರಲಿಲ್ಲ. ಪ್ರೋಷಧದ ದಿನವಾಗಿದ್ದರೆ ಆರಂಭತ್ಯಾಗದ ಮಾತಾದರೂ ಇರುತ್ತಿತ್ತು. ಸ್ವಾಧ್ಯಾಯವು ಅಂತರಂಗ ತಪಸ್ಸುಗಳಲ್ಲಿ ಒಂದೆಂಬ ಸಮಾಧಾನವನ್ನು ಅವರು ಕೆಲವು ದಿನ ಹೇಳಿಕೊಂಡರು. ಅದು ಬಹುದಿನ ನಿಲ್ಲಲಿಲ್ಲ. ಬಾಗಿಲು ಮುಚ್ಚಬೇಕೆಂದು ಯಾವ ಆಚಾರ್ಯರೂ ವಿಧಿಸಿರಲಿಲ್ಲ, ವಿಧಿಸಿದವರು ಅವರೇ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಯಮಕ್ಕೂ ಯಮಕ್ಕೂ ಭೇದ ಹೇಳಿದ್ದಾರೆ. ಕಾಲದ ಮಿತಿಯುಳ್ಳದ್ದು ನಿಯಮ, ಜೀವಾವಧಿಯದು ಯಮ. ಇಂದು, ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ ಎಂದು ಶಕ್ತಿಗೆ ತಕ್ಕಂತೆ ನಿಯಮವನ್ನು ಅಳೆದುಕೊಳ್ಳಲು ಅಲ್ಲಿ ಅವಕಾಶವಿದೆ. ಈ ಗೃಹಸ್ಥರಾದರೋ ಗಡಿಯಾರದ ಒಂದು ಏರ್ಪಾಡನ್ನು ಯಮದ ಪದವಿಗೆ ಏರಿಸಿಬಿಟ್ಟಿದ್ದರು.

ಹಾಗಾದರೆ ಪುಸ್ತಕವನ್ನೇ ಕಟ್ಟಿಡಬೇಕೆ? ಅದಕ್ಕೂ ಅವರ ಕಣ್ಣೆದುರಿಗೆ ಒಂದು ಉದಾಹರಣೆ ಇತ್ತು. ಮುದ್ದೇಬಿಹಾಳದಲ್ಲಿದ್ದ ಅವರ ಷಡ್ಡಕರು ಅತ್ಯಂತ ಸಹೃದಯಿಗಳು. ಯಾರು ಎಷ್ಟು ಹೊತ್ತಿಗೆ ಕರೆದರೂ ಏಳುವವರು, ಯಾವ ಪುಸ್ತಕವನ್ನೂ ಇಟ್ಟವರಲ್ಲ, ಬಂದುದನ್ನು ಬಂದಂತೆ ಎದುರಿಸುವವರು. ವೃದ್ಧ ತಾಯಿಯನ್ನು ಸಮ್ಮೇದ ಶಿಖರ್ಜಿಗೆ ಕರೆದೊಯ್ಯಬೇಕೆಂಬ ಅವರ ಆಸೆ ಹನ್ನೆರಡು ವರ್ಷ “ಅನುಕೂಲವಾದಾಗ” ಎಂಬ ಮಾತಿನಲ್ಲಿಯೇ ಉಳಿದಿತ್ತು. ಒಂದು ವರ್ಷ ಮದುವೆ, ಒಂದು ವರ್ಷ ಬರ, ಒಂದು ವರ್ಷ ಯಾರದೋ ಕೋರ್ಟಿನ ಸಾಕ್ಷಿ. ಆ ತಾಯಿ ಬೆಟ್ಟವನ್ನು ಕಾಣದೆಯೇ ತೀರಿಕೊಂಡರು. ಸಾಮಾಯಿಕದ ಐದು ಅತಿಚಾರಗಳಲ್ಲಿ ಕೊನೆಯ ಎರಡು ಅನಾದರ ಮತ್ತು ಸ್ಮೃತ್ಯನುಪಸ್ಥಾನ, ಅಂದರೆ ಆಸ್ಥೆಯಿಲ್ಲದಿರುವಿಕೆ ಮತ್ತು ಮಾಡಬೇಕಾದುದರ ನೆನಪೇ ನಿಲ್ಲದಿರುವಿಕೆ. ಷಡ್ಡಕರಲ್ಲಿ ಅನಾದರವಿರಲಿಲ್ಲ. ನೆನಪನ್ನು ಹಿಡಿದಿಡುವ ಗೂಟವಿರಲಿಲ್ಲ, ಅಷ್ಟೆ.

ಈ ತೊಡಕು ಬಾಗೇವಾಡಿಯ ಒಬ್ಬ ವರ್ತಕನದು ಮಾತ್ರವಲ್ಲ. ಅಮೆರಿಕದ ಮುದ್ರಣಕಾರ, ಮುಂದೆ ರಾಜನೀತಿಜ್ಞನಾಗಿ ಹೆಸರಾದ ಬೆಂಜಮಿನ್ ಫ್ರಾಂಕ್ಲಿನ್ (1706–1790) ತನ್ನ ಆತ್ಮಕಥೆಯಲ್ಲಿ ಇಂಥದೇ ಒಂದು ಪುಸ್ತಕದ ಕಥೆ ಹೇಳಿದ್ದಾನೆ. ಹದಿಮೂರು ಸದ್ಗುಣಗಳನ್ನು ಆರಿಸಿ, ವಾರಕ್ಕೊಂದರಂತೆ ಅಭ್ಯಾಸ ಮಾಡಿ, ವರ್ಷಕ್ಕೆ ನಾಲ್ಕು ಸುತ್ತು ಹಾಕುವುದು ಅವನ ಯೋಜನೆ. ಅವನೂ ಏಳು ಮನೆಗಳನ್ನೇ ಗೆರೆ ಹಾಕಿದ್ದನು. ಆದರೆ ಅವನು ಗುರುತು ಹಾಕುತ್ತಿದ್ದುದು ತಪ್ಪಿದುದಕ್ಕೆ, ಸಾಧಿಸಿದುದಕ್ಕಲ್ಲ. ಪ್ರತಿಕ್ರಮಣ ಮಾಡುವವರಿಗೆ ಈ ಕ್ರಮ ಅಪರಿಚಿತವೆನಿಸದು. ಎಲ್ಲ ಗುಣಗಳಿಗಿಂತ ಅವನನ್ನು ಹೆಚ್ಚು ಕಾಡಿದುದು ಕ್ರಮಬದ್ಧತೆಯೇ. ದಿನದ ಗಂಟೆಗಳನ್ನು ಹಂಚಿಕೊಳ್ಳುವುದು ಕೂಲಿಯ ಮುದ್ರಣಗಾರನಿಗೆ ಸಾಧ್ಯವಾದೀತು. ಜನರನ್ನು ಅವರವರ ವೇಳೆಗೆ ಭೇಟಿಯಾಗಲೇಬೇಕಾದ ಯಜಮಾನನಿಗೆ ಅದು ಕಷ್ಟವೆಂದು ಅವನು ಒಪ್ಪಿಕೊಂಡಿದ್ದಾನೆ. ಅಂಗಡಿಯ ಗಾದಿಯ ಮೇಲೆ ಕುಳಿತವರಿಗೆಲ್ಲ ಈ ಮಾತಿನ ಅರ್ಥ ಕೂಡಲೇ ಆಗುತ್ತದೆ.

ಬಾಗೇವಾಡಿಯ ವ್ಯಾಪಾರಿಗೆ ದಾರಿ ತೋರಿದುದು ಅವರು ಓದುತ್ತಿದ್ದ ಗ್ರಂಥವೇ. ಮರುವರ್ಷ ಅವರು ಏಳನೆಯ ಅಧ್ಯಾಯಕ್ಕೆ ಬಂದರು. ಅದರ ಇಪ್ಪತ್ತೊಂದನೆಯ ಸೂತ್ರದಲ್ಲಿ ದಿಗ್ವ್ರತ, ದೇಶವ್ರತಗಳಿಂದ ಮೊದಲ್ಗೊಂಡು ಶ್ರಾವಕನ ಏಳು ವ್ರತಗಳು ಬರುತ್ತವೆ. ನಡುವೆ ಪ್ರೋಷಧೋಪವಾಸವಿದೆ. ಅದಕ್ಕೆ ತಿಥಿ ಗೊತ್ತು, ತಿಂಗಳಿಗೆ ಎರಡು ಅಷ್ಟಮಿ, ಎರಡು ಚತುರ್ದಶಿ. ಕೊನೆಯಲ್ಲಿ ಅತಿಥಿಸಂವಿಭಾಗವಿದೆ. ಅತಿಥಿ ಎಂದರೆ ಯಾರಿಗೆ ತಿಥಿಯಿಲ್ಲವೋ ಅವನು, ಬರುವ ಕಾಲ ನಿಯತವಲ್ಲದವನು ಎಂದು ಪೂಜ್ಯಪಾದರು ಅರ್ಥ ಬಿಡಿಸುತ್ತಾರೆ. ಒಂದೇ ಸೂತ್ರದೊಳಗೆ, ಒಬ್ಬನೇ ಗೃಹಸ್ಥನಿಗೆ, ತಿಥಿಯ ವ್ರತವೂ ತಿಥಿಯಿಲ್ಲದವನ ವ್ರತವೂ! ಅವರು ಅಂದು ಮುಂದಿನ ಸೂತ್ರಕ್ಕೆ ಹೋಗಲಿಲ್ಲ.

ಇದು ಶ್ರಾವಕರ ಮನೆಗಳಲ್ಲಿ ನಿತ್ಯ ಕಂಡ ಸಂಗತಿಯೇ ಹೌದು. ದಿಗಂಬರ ಮುನಿಗಳ ಷಡಾವಶ್ಯಕಗಳು ಕಾಲಬದ್ಧವಾದವು. ಚಾತುರ್ಮಾಸದ ಹೊರಗೆ ಅವರ ವಿಹಾರವೋ ಅನಿಯತ. ದಿನಕ್ಕೊಮ್ಮೆ ಆಹಾರಕ್ಕೆ ಹೊರಡುವಾಗ ಮನಸ್ಸಿನಲ್ಲಿಯೇ ಒಂದು ವಿಧಿಯನ್ನು ನಿಶ್ಚಯಿಸಿರುತ್ತಾರೆ. ವೃತ್ತಿಪರಿಸಂಖ್ಯಾನವೆಂಬ ಆ ತಪಸ್ಸಿನ ವಿವರ ಯಾರಿಗೂ ತಿಳಿಯದು. ಅವರಿಗೆಂದೇ ಉದ್ದೇಶಿಸಿ ಮಾಡಿದ ಆಹಾರ ಅವರಿಗೆ ಸಲ್ಲದು. ಆದಕಾರಣ ಮನೆಯವರು ತಮಗಾಗಿ ಶುದ್ಧಾಹಾರ ಮಾಡಿ, ಮಡಿಯಲ್ಲಿ ಆ ಹೊತ್ತಿಗೆ ಬಾಗಿಲಿನಲ್ಲಿ ನಿಂತಿರುತ್ತಾರೆ. ಬಂದರೆ ಪ್ರತಿಗ್ರಹಣ, ಬಾರದಿದ್ದರೆ ಒಳಗೆ ಹೋಗಿ ಊಟ. ನಿಲ್ಲುವ ವೇಳೆ ಗೃಹಸ್ಥನ ಕೈಯಲ್ಲಿದೆ, ಬರುವುದು ಅವನ ಕೈಯಲ್ಲಿಲ್ಲ. ಈ ವ್ರತದ ಅತಿಚಾರಗಳಲ್ಲಿ ಕೊನೆಯದು ಕಾಲಾತಿಕ್ರಮ, ಕೊಡಬೇಕಾದ ಹೊತ್ತನ್ನು ಮೀರಿಸುವುದು. ಮುನಿಗಳ ವಿಷಯದಲ್ಲಿ ಹೇಳಿದ ಮಾತನ್ನು ಒಬ್ಬ ಒಕ್ಕಲಿಗನಿಗೆ ಅನ್ವಯಿಸುವುದು ಶಾಸ್ತ್ರಸಮ್ಮತವೋ ಅಲ್ಲವೋ ಎಂದು ಪಂಡಿತರು ಆಕ್ಷೇಪಿಸಬಹುದು. ಆ ವ್ಯಾಪಾರಿಗೆ ಮಾತ್ರ ಸೋಮವಾರ ಎಂಬ ಶಬ್ದ ನೆನಪಾಯಿತು.

ಅವರು ಪುಸ್ತಕವನ್ನು ಬಿಡಲಿಲ್ಲ, ಗೆರೆಗಳನ್ನು ಬದಲಿಸಿದರು. ಬೆಳಗಿನ ಸಾಮಾಯಿಕದ ಎರಡು ಗಳಿಗೆ, ಅಂದರೆ 48 ನಿಮಿಷ, ಮತ್ತು ಅದರ ಬೆನ್ನಿಗೇ ಒಂದು ಗಂಟೆಯ ಓದು. ಇವೆರಡು ಮಾತ್ರ ಅಚಲ. ಆ ಹೊತ್ತಿನಲ್ಲಿ ಅಂಗಡಿ ತೆರೆದಿರುವುದಿಲ್ಲ, ಯಾರೂ ತಿರುಗಿಹೋಗುವ ಪ್ರಶ್ನೆಯಿಲ್ಲ. ಮಧ್ಯಾಹ್ನದ ಓದು ಉಳಿಯಿತು, ಆದರೆ ಬಾಗಿಲು ತೆರೆದು. ಪ್ರತಿ ದಿನದ ಕೆಳಗೆ ಎರಡು ಗಂಟೆಯ ಒಂದು ಬಿಳಿಯ ಮನೆಯನ್ನು ಬಿಟ್ಟು ಅದಕ್ಕೆ “ಶಿಲ್ಕು” ಎಂದು ಹೆಸರಿಟ್ಟರು. ಕೈಯಲ್ಲಿ ಶಿಲ್ಕು ಇಲ್ಲದೆ ಯಾವ ವ್ಯಾಪಾರಿಯೂ ಬೆಳಿಗ್ಗೆ ಗಾದಿಯ ಮೇಲೆ ಕೂಡುವುದಿಲ್ಲ. ಹಣಕ್ಕೆ ಇಪ್ಪತ್ತೈದು ವರ್ಷ ಪಾಲಿಸಿದ ನಿಯಮವನ್ನು ಹೊತ್ತಿಗೆ ಪಾಲಿಸಿರಲಿಲ್ಲವೆಂದು ಮಗನಿಗೆ ಹೇಳಿ ನಕ್ಕರಂತೆ. ಯಾರೂ ಬಾರದ ದಿನ ಆ ಶಿಲ್ಕನ್ನು ಓದಿಗೆ ಜಮಾ ಮಾಡುವುದು. ಮಳೆಯ ನಕ್ಷತ್ರಗಳಲ್ಲಿ, ಉತ್ತರಿಯಿಂದ ಚಿತ್ತಿಯವರೆಗೆ, ವಸೂಲಿಯ ತಿರುಗಾಟವನ್ನೇ ಕೈಬಿಟ್ಟರು.

ಒಕ್ಕಲಿಗನಿಗೆ ಮುಂದಿನ ವರ್ಷ ಎತ್ತಿನ ಹಣವನ್ನು ಬಡ್ಡಿಯಿಲ್ಲದೆ ಕೊಟ್ಟರು. ಅವನು ತೆಗೆದುಕೊಂಡನು, ಎರಡು ಸುಗ್ಗಿಗಳಲ್ಲಿ ತೀರಿಸಿದನು. ಬಿತ್ತದೆ ಹೋದ ಆ ಒಂದು ವರ್ಷವನ್ನು ಯಾವ ಖಾತೆಗೆ ಬರೆಯಬೇಕೆಂಬುದು ಮಾತ್ರ ಇಬ್ಬರಿಗೂ ಬಗೆಹರಿಯಲಿಲ್ಲ; ಅದರ ಮಾತನ್ನು ಅವರು ಎಂದೂ ಎತ್ತಲಿಲ್ಲ.

ಮೂರು ವರ್ಷದ ಸಂಕಲ್ಪ ಒಂಬತ್ತು ವರ್ಷವಾಯಿತು. ಹತ್ತನೆಯ ಅಧ್ಯಾಯದ ನಡುವಿನಲ್ಲಿದ್ದಾಗ, ಮತ್ತೊಂದು ಹಸ್ತ ಮಳೆಯ ದಿನಗಳಲ್ಲಿ, ಅದೇ ಒಕ್ಕಲಿಗನ ಮಗನು ಬೀಜದ ಜೋಳ ಕೇಳಲು ಬಂದು ಹೊಸ್ತಿಲಾಚೆ ನಿಂತು, “ಓದಾಕತ್ತೀರೇನ್ರಿ ಅಜ್ಜಾರ? ಆಮ್ಯಾಲೆ ಬರ್ಲೇನು?” ಎಂದನು. ಮುದುಕರು ನವಿಲುಗರಿಯನ್ನು ಪುಟದ ನಡುವೆ ಇಟ್ಟು, ಕನ್ನಡಕ ತೆಗೆದು, “ಬಾರೋ ತಮ್ಮಾ, ಒಳಗ ಬಾ” ಎಂದರು. ಆ ದಿನದ ಬಿಳಿಯ ಮನೆಯಲ್ಲಿ ಬರೆದಿರುವುದು ಇಷ್ಟು: ಶಿಲ್ಕಿನಿಂದ ಖರ್ಚು, ಒಂದೂವರೆ ತಾಸು.