ಮರಳಿ ಬಂದ ವೈದ್ಯೆಗೆ ನಾವೇನು ಕೊಟ್ಟೆವು?

ತುಮಕೂರಿನ ಸತ್ಯಮಂಗಲದಲ್ಲಿರುವ ನಮ್ಮ ಮನೆಯ ಸೊಸೆ ವೈದ್ಯೆ. ವೈದ್ಯಕೀಯ ಕಾಲೇಜೊಂದರಲ್ಲಿ ಎಂ.ಡಿ. ಎರಡನೆಯ ವರ್ಷದಲ್ಲಿದ್ದಾಗ ಅವಳಿಗೆ ಹೆರಿಗೆಯಾಯಿತು. ಆರು ತಿಂಗಳ ರಜೆ ಮುಗಿಸಿ ಆಸ್ಪತ್ರೆಗೆ ಹೊರಟ ದಿನ ನಾವು ಸಿಹಿ ಹಂಚಿದೆವು. ನಮ್ಮ ಕರ್ತವ್ಯ ಅಲ್ಲಿಗೆ ಮುಗಿಯಿತೆಂದು ಭಾವಿಸಿದೆವು.

ಮೂರನೆಯ ದಿನವೇ ರಾತ್ರಿ ಪಾಳಿ. ಬೆಳಗ್ಗೆ ಮರಳಿದವಳು ತಿಂಡಿ ಮುಟ್ಟಲಿಲ್ಲ. "ಅಮ್ಮೀ, ನೂರಾರು ಸಲ ಬರೆದ ಔಷಧಿಯ ಪ್ರಮಾಣವನ್ನು ನಾಲ್ಕು ಸಲ ಪುಸ್ತಕ ತೆರೆದು ನೋಡಿದೆ. ನಾನು ವೈದ್ಯೆಯೇ ಎಂದು ನನಗೇ ಸಂಶಯವಾಯಿತು" ಎಂದಳು. "ಹಾಗಾದರೆ ಬಿಟ್ಟುಬಿಡು ಮಗಳೇ, ಮಗು ಮುಖ್ಯ" ಎಂದೆವು. ಸಾಂತ್ವನವೆಂದು ಆಡಿದ ಆ ಮಾತು ಅವಳನ್ನು ಮತ್ತಷ್ಟು ಕುಗ್ಗಿಸಿತು.

ಹಾಲುಣಿಸುವ ಎರಡು ವರ್ಷಗಳ ಕುರಿತ ಅಲ್ ಬಕರ ಅಧ್ಯಾಯದ 233ನೆಯ ಸೂಕ್ತವನ್ನು ನಾವು ಅನೇಕ ಬಾರಿ ಓದಿದ್ದೇವೆ. ಅದೇ ಸೂಕ್ತವು ತಾಯಿಯ ಅನ್ನ ವಸ್ತ್ರಗಳ ಹೊಣೆಯನ್ನು ತಂದೆಗೆ ವಹಿಸುತ್ತದೆ. ಮಗುವಿನ ಕಾರಣದಿಂದ ತಾಯಿಗೆ ಹಾನಿಯಾಗಬಾರದೆಂದೂ ಎಚ್ಚರಿಸುತ್ತದೆ. ಈ ಎಚ್ಚರಿಕೆ ನಮಗೇ ಎಂದು ಅಂದು ಅರಿವಾಯಿತು.

ಬಿಡುವಿನ ಬಳಿಕ ಕೈ ತಡವರಿಸುವುದು ಅಸಾಮರ್ಥ್ಯವಲ್ಲ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು ಮೂರು ತಿಂಗಳು ಅಥವಾ ಹೆಚ್ಚು ಕಾಲ ದೂರವಿದ್ದ ತರಬೇತಿ ವೈದ್ಯರಿಗಾಗಿ ಪ್ರತ್ಯೇಕ ಯೋಜನೆಯನ್ನೇ ನಡೆಸುತ್ತಿದೆ. ರಜೆಗೆ ಮುನ್ನ ಮಾತುಕತೆ, ಮರಳುವ ಮುನ್ನ ಇನ್ನೊಂದು ಭೇಟಿ, ಆರಂಭದ ದಿನಗಳಲ್ಲಿ ಹಿರಿಯರ ಮೇಲ್ವಿಚಾರಣೆ ಅದರ ತಿರುಳು. ಇದರಿಂದ ವೈದ್ಯರಿಗಷ್ಟೇ ಅಲ್ಲ, ರೋಗಿಗೂ ರಕ್ಷಣೆ.

ಸೊಸೆ ಧೈರ್ಯಮಾಡಿ ತನ್ನ ಮಾರ್ಗದರ್ಶಕರಲ್ಲಿ ವಿಷಯ ತಿಳಿಸಿದಳು. ಎರಡು ವಾರ ಹಿರಿಯ ವೈದ್ಯೆಯೊಬ್ಬರು ಜೊತೆಗಿದ್ದರು. ಮನೆಯಲ್ಲಿ ರಾತ್ರಿ ಮಗುವಿಗಾಗಿ ಏಳುವ ಕೆಲಸವನ್ನು ಮಗ ವಹಿಸಿಕೊಂಡ. ಪಾಳಿ ಮುಗಿಸಿ ಬಂದವಳನ್ನು ಮಧ್ಯಾಹ್ನದವರೆಗೆ ಯಾರೂ ಎಬ್ಬಿಸಬಾರದೆಂದು, ಅತಿಥಿಗಳು ಬಂದರೂ ಅಡುಗೆಮನೆಗೆ ಕರೆಯಬಾರದೆಂದು ತೀರ್ಮಾನಿಸಿದೆವು. ತಿಂಗಳು ಕಳೆಯುವಷ್ಟರಲ್ಲಿ ಅವಳ ಮಾತಿನಲ್ಲಿ ಹಳೆಯ ಸ್ಥೈರ್ಯ ಮರಳಿತ್ತು.

ರುಫೈದಾ ಅಲ್ ಅಸ್ಲಮಿಯಾ(ರ)ರ ಹೆಸರನ್ನು ನಾವು ವೇದಿಕೆಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಗಾಯಾಳುಗಳ ಶುಶ್ರೂಷೆಗಾಗಿ ಆ ಮಹಿಳೆಯ ಡೇರೆಗೆ ಪ್ರವಾದಿವರ್ಯರ(ಸ) ಮಸೀದಿಯಲ್ಲಿಯೇ ಸ್ಥಳ ದೊರೆತಿತ್ತು. ಹೆಣ್ಣುಮಕ್ಕಳನ್ನು ವೈದ್ಯರನ್ನಾಗಿ ಓದಿಸಿದ ನಾವು, ಅವರು ಮರಳಿ ನಿಲ್ಲಲು ನಮ್ಮ ಮನೆಗಳಲ್ಲಿ ಅಷ್ಟು ಸ್ಥಳ ಕೊಟ್ಟಿದ್ದೇವೆಯೇ? ಅಲ್ಲಾಹನು ನಮಗೆ ಆ ವಿವೇಕವನ್ನು ದಯಪಾಲಿಸಲಿ.