ಕಾಲುವೆಯ ಈಚೆ, ಕಾಲುವೆಯ ಆಚೆ

ಜೇಜುರಿಯಲ್ಲಿ ಖಂಡೋಬಾನ ಭಂಡಾರ ಹಣೆಗೆ ಹಚ್ಚಿಕೊಂಡು ಎಸ್‌.ಟಿ. ಬಸ್ಸು ಹತ್ತಿದ್ದೀರಿ. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬಾ ಆದ್ದರಿಂದ ಜೇಜುರಿವರೆಗೆ ಬರುವ ಕನ್ನಡಿಗರು ಬಹಳ. ಮುಂದಕ್ಕೆ ಹೋಗುವವರು ಕಡಿಮೆ. ಜನವರಿಯ ಬೆಳಗು. ಕಿಟಕಿಯ ಗಾಜು ಪೂರ್ತಿ ಮುಚ್ಚುವುದಿಲ್ಲ, ಥಂಡಿ ಗಾಳಿ ಕಿವಿಗೆ ಹೊಡೆಯುತ್ತದೆ. ಪಕ್ಕದ ಸೀಟಿನ ಅಜ್ಜಿ ಸೆರಗು ಬಿಗಿಯಾಗಿ ಹೊದ್ದುಕೊಂಡು ‘ಎಲ್ಲಿಗೆ ಹೊರಟಿ, ದಾದಾ?’ ಎಂದು ಮರಾಠಿಯಲ್ಲಿ ಕೇಳುತ್ತಾರೆ. ಬಾರಾಮತಿಗೆ ಎನ್ನುತ್ತೀರಿ. ‘ಹಂಗಾದ್ರೆ ಮೋರಗಾವ್‌ನಲ್ಲಿ ಇಳಿ. ಗಣಪತಿಗೆ ಕೈ ಮುಗಿಯದೆ ಮುಂದೆ ಹೋಗಬ್ಯಾಡ.’

ಮೋರಗಾವ್ ಬಾರಾಮತಿ ತಾಲ್ಲೂಕಿನದೇ ಹಳ್ಳಿ. ಅಷ್ಟವಿನಾಯಕ ಯಾತ್ರೆ ಶುರುವಾಗುವುದು ಇಲ್ಲಿನ ಮಯೂರೇಶ್ವರನಿಂದ. ಕೋಟೆಯಂಥ ಗೋಡೆ, ನಾಲ್ಕು ಮೂಲೆಗೆ ಮಿನಾರು. ಗಣಪತಿಯ ಗುಡಿಯಾದರೂ ಎದುರಿಗೆ ಕೂತಿರುವುದು ದೊಡ್ಡ ಕಲ್ಲಿನ ನಂದಿ. ಹತ್ತಿರದಲ್ಲೇ ಕರ್ಹಾ ನದಿ. ಇಳಿದು ನೋಡಿದರೆ ಕಲ್ಲು, ಮರಳು, ಬಳ್ಳಾರಿ ಜಾಲಿ, ಅಲ್ಲೊಂದು ಇಲ್ಲೊಂದು ಹೊಂಡದಲ್ಲಿ ನಿಂತ ನೀರು. ಇದು ಸಹ್ಯಾದ್ರಿಯ ಮಳೆನೆರಳಿನ ನಾಡು. ಮೋಡ ಪಶ್ಚಿಮದಲ್ಲೇ ಸುರಿದು ಖಾಲಿಯಾಗಿ ಬರುತ್ತದೆ.

ಬಾರಾಮತಿ ಎಂದರೆ ಕಬ್ಬು, ಸಕ್ಕರೆ, ರಾಜಕಾರಣ ಎಂದುಕೊಂಡು ಬಂದವರು ಇಲ್ಲಿಂದ ಉತ್ತರಕ್ಕೆ, ಸುಪೆಯ ರಸ್ತೆಗೆ ತಿರುಗಬೇಕು. ಎರಡೂ ಕಡೆ ತೆಳುವಾದ ಮಣ್ಣು, ಮಂಡಿಯೆತ್ತರದ ಬಿಳಿಜೋಳ, ನಡುವೆ ಹುಲ್ಲುಗಾವಲು. ಮಳೆ ನಂಬಿದ ಈ ಭೂಮಿಯನ್ನು ಇಲ್ಲಿನವರು ಜಿರಾಯತ್ ಎನ್ನುತ್ತಾರೆ. ಧನಗರರ ಕುರಿಹಿಂಡು ರಸ್ತೆ ದಾಟುವತನಕ ಬಸ್ಸು ನಿಲ್ಲುತ್ತದೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಹಿಂದೆ ನಾಯಿ. ನಮ್ಮ ಕುರುಬರ ಹಟ್ಟಿಯವರೇ ಎದುರು ಬಂದಂತಿದೆ. ಸುಪೆಯ ಬಳಿ 1997ರಲ್ಲಿ ಘೋಷಿಸಿದ ಮಯೂರೇಶ್ವರ ವನ್ಯಧಾಮವಿದೆ. ವಿಸ್ತೀರ್ಣ ಐದು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಸುಮ್ಮನೆ ನಿಂತರೆ ಒಣಹುಲ್ಲಿನ ನಡುವೆ ಚಿಂಕಾರ ತಲೆಯೆತ್ತಿ ನಿಮ್ಮನ್ನೇ ನೋಡುತ್ತದೆ. ಶಿವಾಜಿಯ ತಂದೆ ಶಹಾಜಿಯ ಜಹಗೀರು ಪುಣೆ, ಸುಪೆ ಎಂದು ಇತಿಹಾಸದಲ್ಲಿ ಓದಿದ್ದೇವಲ್ಲ, ಆ ಸುಪೆ ಇದೇ. ಅದೇ ಶಹಾಜಿ ಬೆಂಗಳೂರಿನಲ್ಲಿ ಆಳಿ, ಚನ್ನಗಿರಿಯ ಹತ್ತಿರದ ಹೊದಿಗೆರೆಯಲ್ಲಿ ಮಣ್ಣಾದ.

ಇಲ್ಲಿನ ಮನೆಗಳ ಮುಂದೆ ನೀಲಿ ಪ್ಲಾಸ್ಟಿಕ್ ಡ್ರಮ್ಮು ನೋಡಿ. ಒಂದೊಂದು ಮನೆಗೆ ಎರಡು, ಮೂರು. ಬಾಯಿಗೆ ಹಳೆಯ ಸೀರೆಯ ಬಟ್ಟೆ ಕಟ್ಟಿ, ಮೇಲೆ ಕಲ್ಲು ಹೇರಿದ್ದಾರೆ. ಮಳೆ ಕೈಕೊಟ್ಟ ವರ್ಷ ಬೇಸಿಗೆ ಬಂತೆಂದರೆ ಊರ ಕಣ್ಣೆಲ್ಲ ಟ್ಯಾಂಕರಿನ ದಾರಿಯ ಮೇಲೆ. ಹಳ್ಳಿ ಹಳ್ಳಿಗೆ ಇಂಗುಕೆರೆಗಳನ್ನು ತೋಡಿದ್ದಾರೆ. ಜಾನಾಯಿ-ಶಿರಸಾಯಿ ಏತ ನೀರಾವರಿಯೂ ಬಂದಿದೆ. ಆದರೂ ಪಂಪು ಯಾವಾಗ ಶುರು, ನಮ್ಮ ಪಾಳಿ ಯಾವಾಗ ಎಂಬ ಮಾತು ಚಹಾದ ಅಂಗಡಿಯಲ್ಲಿ ಮುಗಿಯುವುದೇ ಇಲ್ಲ.

ಈಗ ದಕ್ಷಿಣಕ್ಕೆ ಹೊರಡಿ. ದಾರಿಯಲ್ಲಿ ಲೋಣಿ ಭಾಪಕರ್‌ನ ಮಲ್ಲಿಕಾರ್ಜುನ ಗುಡಿ, ಅದರ ಪುಷ್ಕರಣಿ, ಅಲ್ಲಿನ ಕಲ್ಲಿನ ವರಾಹ ನೋಡಿಕೊಂಡೇ ಹೋಗಿ. ಇನ್ನೂ ಮುಂದೆ ಹೋದರೆ ಒಂದು ಸೇತುವೆ. ಸಣ್ಣದು, ಹೆಸರಿಲ್ಲದ್ದು. ಕೆಳಗೆ ಕಂದು ಬಣ್ಣದ ನೀರು ಸದ್ದಿಲ್ಲದೆ ಜೋರಾಗಿ ಹರಿಯುತ್ತಿದೆ. ದಾಟಿದ ಕೂಡಲೇ ಗಾಳಿಯೇ ಬದಲಾಗುತ್ತದೆ: ತಂಪು, ಹಸಿ ಮಣ್ಣಿನ ವಾಸನೆ, ಆಳೆತ್ತರ ಮೀರಿದ ಕಬ್ಬು. ಇದು ನೀರಾ ನದಿಯ ಎಡದಂಡೆ ಕಾಲುವೆ. 1876ರ ಬರದಲ್ಲಿ ಹಸಿದವರಿಗೆ ಕೂಲಿ ಕೊಡಲೆಂದು ತೋಡಲು ಹಿಡಿದದ್ದು. ನಮ್ಮ ಹಳಬರು ಧಾತು ಸಂವತ್ಸರದ ಬರ ಎಂದು ನೆನೆಯುತ್ತಿದ್ದುದು ಅದನ್ನೇ. ಭೋರ್ ತಾಲ್ಲೂಕಿನ ಭಾಟಘರ್ ಜಲಾಶಯದ ನೀರು ಈ ಬಯಲಿಗೆ ಬರುವುದು ಇದರಲ್ಲೇ.

ಹೊಲದಲ್ಲಿ ಗ್ಯಾಂಗು ಕಬ್ಬು ಕಡಿಯುತ್ತಿದೆ. ಬೀಡ್ ಕಡೆಯಿಂದ ಬಂದವರು. ಅಲ್ಲಿ ಜಿರಾಯತ್ ಕೈಕೊಟ್ಟಿದ್ದಕ್ಕೇ ಇಲ್ಲಿಗೆ ಬಂದಿದ್ದಾರೆ. ಗಂಡ ಬುಡಕ್ಕೆ ಕೊಯ್ತಾ ಎಂಬ ಕತ್ತಿ ಬೀಸುತ್ತಾನೆ, ಒಂದೇ ಏಟಿಗೆ ಕಬ್ಬು ವಾಲುತ್ತದೆ. ಅದು ನೆಲಕ್ಕೆ ಬೀಳುವ ಮೊದಲೇ ಹೆಂಡತಿ ಹಿಡಿದು, ರವದಿ ಸುಲಿದು, ಸೋಗೆ ಕತ್ತರಿಸಿ ಆಚೆಗೆಸೆದಿರುತ್ತಾಳೆ. ಅವಳ ಬೆರಳ ಸಂದುಗಳಲ್ಲಿ ಕಬ್ಬಿನ ಗರಿ ಕೊಯ್ದ ಸಣ್ಣ ಗೀರುಗಳು, ಕೆಲವು ಹೊಸವು. ಕೂಲಿಯ ಲೆಕ್ಕದಲ್ಲಿ ಅವರಿಬ್ಬರೂ ಸೇರಿ ಒಂದೇ ಆಳುಜೋಡಿ. ಮುಂಗಡ ಗುತ್ತಿಗೆದಾರ ಮುಕಾದಮನ ಕೈಯಿಂದ ಊರಲ್ಲೇ ಸಂದಿರುತ್ತದೆ. ಬದುವಿನ ಮೇಲೆ ಟಾರ್ಪಾಲಿನ ಗುಡಿಸಲು, ಬಟ್ಟೆಯ ಜೋಳಿಗೆಯಲ್ಲಿ ಮಗು. ಇದೇ ತಾಲ್ಲೂಕಿನ ಮಾಳೆಗಾವ್ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಇಲ್ಲಿವರೆಗೂ ಬಡಿಯುತ್ತದೆ.

ಈ ಕಾಲುವೆಗೂ ನಮಗೂ ನಂಟಿದೆ. ಮೈಸೂರಿಗೆ ಬರುವ ಮೊದಲು ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಎಂಜಿನಿಯರು. 1899ರ ಹೊತ್ತಿಗೆ ಪುಣೆ ಭಾಗದ ನೀರಾವರಿಯ ಕೆಲಸದಲ್ಲಿದ್ದರು. ಕಾಲುವೆಯ ತಲೆಯಲ್ಲಿರುವವರು ಬೇಕಾಬಿಟ್ಟಿ ನೀರು ಹಾಯಿಸಿ ಕಬ್ಬು ಬೆಳೆಯುವುದು, ಕಡೆಯ ಹಳ್ಳಿ ಬಾಯಿ ಒಣಗಿ ಕೂರುವುದು ಅವರಿಗೆ ಸರಿ ಕಾಣಲಿಲ್ಲ. ಬ್ಲಾಕ್ ಪದ್ಧತಿ ತಂದರು. ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚಬೇಕು, ಕಬ್ಬು ಒಂದು ಪಾಲಿಗೆ ಮಾತ್ರ, ಉಳಿದದ್ದಕ್ಕೆ ಬೇರೆ ಬೆಳೆ, ಬೆಳೆ ಸರದಿಯಂತೆ ತಿರುಗಬೇಕು. ರೈತರು ಮೊದಲು ವಿರೋಧಿಸಿದರು, ಪತ್ರಿಕೆಗಳೂ ಬರೆದವು. ಆದರೆ ನೀರು ಅತಿಯಾದರೆ ಏನಾಗುತ್ತದೆಂದು ಭೂಮಿಯೇ ತೋರಿಸಿತು. 1910ರಲ್ಲೇ ಪುಣೆ ಕೃಷಿ ಕಾಲೇಜಿನ ಹೆರಾಲ್ಡ್ ಮನ್ ಮತ್ತು ತಮ್ಹಾಣೆ ನೀರಾ ಕಣಿವೆಯ ಉಪ್ಪು ಭೂಮಿಗಳ ಮೇಲೆ ವರದಿ ಬರೆದರು. ಇಂದಿಗೂ ತಗ್ಗಿನ ಹೊಲದಲ್ಲಿ ಬೆಳ್ಳಗೆ ಪುಡಿಯೆದ್ದ ಮಣ್ಣು ಕಂಡರೆ ಬಗ್ಗಿ ಮುಟ್ಟಿ ನೋಡಿ. ಬೆರಳಿಗೆ ಹತ್ತುವುದು ಉಪ್ಪು. ಕೃಷ್ಣಾ ದಂಡೆಯ ನಮ್ಮ ಸವಳು-ಜವಳು ಇದೇ.

ಮಾಳೆಗಾವ್‌ನಲ್ಲಿಯೇ, ಕಬ್ಬಿನ ಮಗ್ಗುಲಲ್ಲಿ, ಬರ ಮತ್ತು ಉಪ್ಪನ್ನು ತಾಳುವ ಬೆಳೆಗಳನ್ನು ಹುಡುಕುವ ರಾಷ್ಟ್ರೀಯ ಸಂಸ್ಥೆಯಿದೆ. 2009ರಲ್ಲಿ ಬೋಳು ಕಲ್ಲುನೆಲದ ಮೇಲೆ ಶುರುವಾದದ್ದು. ಶಾರದಾನಗರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೃತಕ ಬುದ್ಧಿಮತ್ತೆಯಿಂದ ಕಬ್ಬಿಗೆ ಎಷ್ಟು ನೀರು, ಯಾವಾಗ ಎಂದು ಲೆಕ್ಕ ಹಾಕುತ್ತಿದ್ದಾರೆ. ಜನವರಿಯ ಕೃಷಿ ಮೇಳಕ್ಕೆ ಕರ್ನಾಟಕದ ರೈತರೂ ಬರುತ್ತಾರೆ. ಬಾರಾಮತಿ ಪೇಟೆಯೊಳಗೆ ಮರಾಠಿ ಕವಿ ಮೋರೋಪಂತ ಬಾಳಿದ ಊರಿನ ಹಳೆಯ ಗಲ್ಲಿಗಳು, ಆಚೆಗೆ ಕಾರ್ಖಾನೆ, ಕಾಲೇಜು, ಅಗಲ ರಸ್ತೆ. ಇಲ್ಲಿ ಕೆಲಸ ಆಗಿದೆ. ಅದನ್ನು ಅಲ್ಲಗಳೆಯುವುದು ಅನ್ಯಾಯ.

ಆದರೆ ಒಂದೇ ತಾಲ್ಲೂಕಿನಲ್ಲಿ ಒಬ್ಬರ ಹೊಲ ನೀರು ಹೆಚ್ಚಾಗಿ ಕೆಡುವುದು, ಇನ್ನೊಬ್ಬರ ಡ್ರಮ್ಮು ಬರಿದಾಗುವುದು ಒಪ್ಪುವ ಮಾತಲ್ಲ. ಮೇಳ ನೋಡಲು ಬಾರಾಮತಿಗೆ ಬಸ್ಸು ಮಾಡಿಕೊಂಡು ಹೋಗುವ ನಮ್ಮ ಮಂಡ್ಯದವರು, ಬೆಳಗಾವಿಯವರು, ಬಾಗಲಕೋಟೆಯವರು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಶಾರದಾನಗರದ ಪ್ಲಾಟುಗಳನ್ನು ನೋಡಿದ ಮೇಲೆ ಸುಪೆಯ ರಸ್ತೆಯ ಹಳ್ಳಿಗಳಿಗೂ ಹೋಗಿ, ಅಲ್ಲಿನ ರೈತರನ್ನೂ ಮಾತಾಡಿಸಿ ಬನ್ನಿ.